ಕಡಲ ಊರು ಬಿಟ್ಟು ಗಂಗಾವತಿಗೆ ಬಂದ ನಿವೃತ್ತರಿಗೆ ಒಂದು ದಿನಚರಿ

ಒಮಾನ್ ದೇಶದ ಸಲಾಲಾದಲ್ಲಿ ಇಪ್ಪತ್ತಾರು ವರ್ಷ ಉಗ್ರಾಣದ ಲೆಕ್ಕ ಬರೆದು ಗಂಗಾವತಿಗೆ ವಾಪಸ್ಸಾದಾಗ ನನ್ನ ತಲೆಯಲ್ಲಿ ಒಂದು ಟೈಮ್‌ಟೇಬಲ್ ಸಿದ್ಧವಾಗಿತ್ತು. ಅಲ್ಲಿ ಕಡಲ ದಂಡೆಯ ಹತ್ತಿರ ಮನೆ ಮಾಡಿಕೊಂಡಿದ್ದ ಒಬ್ಬ ವಯಸ್ಸಾದ ಹೊರದೇಶದವನನ್ನು ವರ್ಷಗಟ್ಟಲೆ ನೋಡಿ ಬರೆದುಕೊಂಡದ್ದು ಅದು. ಏಳಕ್ಕೆ ಏಳುವುದು, ಮರಳಿನ ಮೇಲೆ ನಡಿಗೆ, ಹತ್ತಕ್ಕೆ ಕಾಫಿ, ಹನ್ನೊಂದರ ಮೇಲೆ ಸಣ್ಣಪುಟ್ಟ ಕೆಲಸ, ಸಂಜೆ ಅಲೆ ನೋಡುತ್ತ ಕೂರುವುದು. ಮರಳು ತೆಗೆದು ತುಂಗಭದ್ರೆ ದಂಡೆ ಹಾಕಿದೆ, ಕಾಫಿ ತೆಗೆದು ಚಾ ಹಾಕಿದೆ. ಉಳಿದದ್ದನ್ನು ಹಾಗೇ ಇಟ್ಟುಕೊಂಡೆ.

ಏಪ್ರಿಲ್ ತಿಂಗಳ ಒಂದು ದಿನ ಹನ್ನೆರಡೂಮುಕ್ಕಾಲಿಗೆ ಬ್ಯಾಂಕಿನ ಕೆಲಸಕ್ಕೆಂದು ಸ್ಕೂಟರ್ ಹತ್ತಿದೆ. ಅರ್ಧ ದಾರಿಯಲ್ಲಿ ಕಣ್ಣು ಕತ್ತಲೆ ಬಂತು. ಚಾದಂಗಡಿಯ ಹುಡುಗ ಕೈ ಹಿಡಿದು ನೆರಳಿಗೆ ಕೂರಿಸಿ ತಲೆಯ ಮೇಲೆ ಒಂದು ಚೊಂಬು ನೀರು ಸುರಿದ. "ಈ ಬಿಸಲಾಗ ಯಾಕ ಹೊಂಟೀರಿ ಕಾಕಾ? ಇದು ದುಬೈ ಅಲ್ರೀ" ಅಂದ. ನಮ್ಮೂರವರಿಗೆ ಕೊಲ್ಲಿಯ ಎಲ್ಲ ದೇಶವೂ ದುಬೈಯೇ. ಆದರೆ ಹುಡುಗ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸಲಾಲಾ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ, ಗಂಗಾವತಿ ಅದಕ್ಕಿಂತ ಇನ್ನೂ ಸ್ವಲ್ಪ ದಕ್ಷಿಣಕ್ಕಿದೆ. ಎರಡೂ ಉಷ್ಣವಲಯದ ಊರುಗಳೇ. ಎರಡೂ ಕಡೆ ಬಾಳೆ ಬೆಳೆಯುತ್ತದೆ, ರಸ್ತೆ ಬದಿ ಗೊನೆ ತೂಗುಹಾಕಿ ಮಾರುತ್ತಾರೆ. ಸಮುದ್ರ ಮಾತ್ರ ಅಲ್ಲಿದೆ, ಇಲ್ಲಿಲ್ಲ. ಕಡಲ ಊರಿನಲ್ಲಿ ಹಗಲಿನ ಬಿಸಿಯನ್ನು ನೀರೇ ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿ ಬಂಡೆಗಲ್ಲು ಹೀರಿಕೊಂಡು ರಾತ್ರಿ ಹತ್ತರವರೆಗೆ ನಮ್ಮ ಮೈಮೇಲೆ ಬಿಡುತ್ತದೆ.

ಕೊಲ್ಲಿಯಿಂದಲೋ ಗೋವಾ, ಮಂಗಳೂರು, ಮುಂಬೈ ಕಡೆಯಿಂದಲೋ ನೌಕರಿ ಮುಗಿಸಿ ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಗೆ ಮರಳುವವರು ನನ್ನ ಹಾಗೆ ಚೊಂಬು ನೀರು ಸುರಿಸಿಕೊಂಡು ಕಲಿಯದಿರಲಿ ಎಂದು ಇದನ್ನು ಬರೆದಿದ್ದೇನೆ.

ಹೆಜ್ಜೆ 1: ಮೊದಲ ಬೇಸಿಗೆ ಬಾಡಿಗೆ ಮನೆಯಲ್ಲಿ ಕಳೆಯಿರಿ

ಬರುವುದಾದರೆ ಅಕ್ಟೋಬರ್ ಕೊನೆಗೆ ಬನ್ನಿ. ಮೈ ಒಗ್ಗಿಸಿಕೊಳ್ಳಲು ನಾಲ್ಕು ತಿಂಗಳ ತಂಪು ಸಿಗುತ್ತದೆ. ಬಂದ ತಕ್ಷಣ ಪ್ಲಾಟು, ಹೊಲ, ಕಾರು ಎಂದು ಕೈ ಹಾಕಬೇಡಿ. ನೀವು ಬಂದಿಳಿದ ಸುದ್ದಿ ಹಬ್ಬಿದ ವಾರದಲ್ಲೇ ಪ್ಲಾಟು ತೋರಿಸುವ ಮೂರು ಮಂದಿ ಮನೆಗೆ ಬರುತ್ತಾರೆ. ಚಾ ಕೊಟ್ಟು ಕಳಿಸಿ.

ಬಾಡಿಗೆ ಮನೆಯನ್ನು ಬೆಳಿಗ್ಗೆ ನೋಡಬೇಡಿ. ಮಧ್ಯಾಹ್ನ ಮೂರೂವರೆಗೆ ಹೋಗಿ, ಪಡುವಣ ಗೋಡೆಯ ಒಳಮೈಗೆ ಅಂಗೈ ಇಡಿ. ಸುಟ್ಟರೆ ಆ ಕೋಣೆಯಲ್ಲಿ ರಾತ್ರಿ ಮಲಗಲಾಗದು. ಮೇಲೆ ಇನ್ನೊಂದು ಅಂತಸ್ತು ಇರುವ ಮನೆ ಒಳ್ಳೆಯದು, ಬರೀ ಆರ್‌ಸಿಸಿ ಮಾಳಿಗೆಯಾದರೆ ಅದು ಹಂಚು ಕಾದಂತೆ ಕಾಯುತ್ತದೆ. ಮಾಲೀಕರು ಒಪ್ಪಿದರೆ ಮಾರ್ಚ್‌ಗೆ ಮೊದಲೇ ಮಾಳಿಗೆಗೆ ಸುಣ್ಣವನ್ನೋ ಬಿಸಿಲು ತಡೆಯುವ ಬಿಳಿ ಬಣ್ಣವನ್ನೋ ಹೊಡೆಸಿ, ಖರ್ಚು ನಿಮ್ಮದೇ ಆದರೂ ಲಾಭವೇ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಷ್ಟು ದೊಡ್ಡದು, ಬೋರಿನ ನೀರು ಸಪ್ಪೆಯೋ ಉಪ್ಪೋ ಎಂಬುದನ್ನು ಮಾಲೀಕರಲ್ಲಿ ಕೇಳಬೇಡಿ, ಪಕ್ಕದ ಮನೆಯ ಅವ್ವನವರನ್ನು ಕೇಳಿ.

ಇನ್ನೊಂದು ಮಾತು. ಕಡಲ ಊರುಗಳಲ್ಲಿ ನೀರಿನ ಕೂಲರ್ ಕೆಲಸಕ್ಕೆ ಬಾರದ ವಸ್ತು. ಗಾಳಿಯಲ್ಲಿ ಮೊದಲೇ ತೇವ ಇರುವುದರಿಂದ ನೀರು ಆವಿಯಾಗುವುದಿಲ್ಲ, ತಂಪೂ ಆಗುವುದಿಲ್ಲ. ಅದೇ ನೆನಪಿನಲ್ಲಿ ನಾನು ಬಂದವನೇ ಎರಡು ಏಸಿ ಹಾಕಿಸಿದೆ. ನಮ್ಮ ಸೀಮೆಯ ಮಾರ್ಚ್‌ನಿಂದ ಮೇ ತಿಂಗಳ ಗಾಳಿ ಒಣ ಗಾಳಿ. ಕಿಟಕಿಗೆ ಹಚ್ಚಿದ ಕೂಲರ್, ಎದುರಿನ ಇನ್ನೊಂದು ಕಿಟಕಿ ಅರ್ಧ ತೆರೆದಿಟ್ಟರೆ, ಹಗಲು ಪೂರ್ತಿ ಕಡಿಮೆ ಕರೆಂಟಿನಲ್ಲಿ ಮನೆ ತಂಪಿಡುತ್ತದೆ. ಮುಂಗಾರು ಶುರುವಾದ ಮೇಲೆ ಅದನ್ನು ತೊಳೆದು, ಒಣಗಿಸಿ ಎತ್ತಿಡಿ. ಗಡಸು ನೀರಿನಿಂದ ಹುಲ್ಲಿನ ತಟ್ಟಿಗೆ ಬಿಳಿ ಸುಣ್ಣ ಕಟ್ಟುತ್ತದೆ, ವರ್ಷಕ್ಕೊಮ್ಮೆ ತಟ್ಟಿ ಬದಲಿಸಬೇಕು. ತೊಟ್ಟಿಯಲ್ಲಿ ನೀರು ನಿಲ್ಲಿಸಿ ಬಿಟ್ಟರೆ ಡೆಂಗಿ ಸೊಳ್ಳೆಗೆ ನೀವೇ ಮನೆ ಕಟ್ಟಿಕೊಟ್ಟ ಹಾಗೆ.

ಹೆಜ್ಜೆ 2: ಐದಕ್ಕೆ ಏಳಿ, ಎಂಟರೊಳಗೆ ಹೊರಗಿನ ಕೆಲಸ ಮುಗಿಸಿ

ದಿನಚರಿಯ ಬುಡ ಇದೇ. ಇಲ್ಲಿ ಬಳಸಲು ಬರುವ ದಿನವೆಂದರೆ ಎರಡು ತುಂಡು: ನಸುಕಿನಿಂದ ಎಂಟರವರೆಗೆ, ಸಂಜೆ ಐದೂವರೆಯಿಂದ ಒಂಬತ್ತರವರೆಗೆ. ಮೇ ತಿಂಗಳಲ್ಲಿ ಆರಕ್ಕೆಲ್ಲ ಹೊತ್ತು ಹುಟ್ಟಿಬಿಡುತ್ತದೆ, ಜನವರಿಯಲ್ಲಿ ಆರೂಮುಕ್ಕಾಲು ದಾಟುತ್ತದೆ. ಬೇಸಿಗೆಗೆ ಒಂದು ಅಲಾರಾಂ, ಚಳಿಗಾಲಕ್ಕೆ ಒಂದು ಇಟ್ಟುಕೊಳ್ಳಿ.

ನಡಿಗೆಗೆ ಎಲ್ಲಿಗೆ ಹೋಗುವುದು? ಮೈದಾನದಲ್ಲಿ ಸುತ್ತು ಹಾಕುವುದು ಸುಲಭ, ಸ್ವಲ್ಪ ಬೇಸರ. ಕಾಲುವೆ ಏರಿಯ ಮೇಲೆ ಗಾಳಿ ಚೆನ್ನ, ಆದರೆ ನಸುಕಿನಲ್ಲಿ ಭತ್ತದ ಗದ್ದೆಯಿಂದ ಹಾವು ಏರಿಗೆ ಬರುತ್ತವೆ. ಬ್ಯಾಟರಿ, ಮುಚ್ಚಿದ ಬೂಟು, ಕೈಯಲ್ಲೊಂದು ಕೋಲು ಇಲ್ಲದೆ ಹೋಗಬೇಡಿ. ಮೊಣಕಾಲು ಗಟ್ಟಿ ಇದ್ದವರಿಗೆ ಅಂಜನಾದ್ರಿ ಇದೆ, 575ರಷ್ಟು ಮೆಟ್ಟಿಲು. ನಾನು ಹದಿನೈದು ದಿನಕ್ಕೊಮ್ಮೆ ಹತ್ತುತ್ತೇನೆ, ನಾಲ್ಕು ಕಡೆ ಕೂರುತ್ತೇನೆ, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಹತ್ತಬಾರದು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಬೇಡ, ಅಲ್ಲಿನ ಮಂಗಗಳಿಗೆ ಚೀಲ ಕಂಡರೆ ಅದರೊಳಗೆ ಬಾಳೆಹಣ್ಣೇ ಇದೆ ಎಂಬ ನಂಬಿಕೆ.

ಹೊಳೆಯ ವಿಷಯಕ್ಕೆ ಬರೋಣ. ಕಡಲಲ್ಲಿ ಈಜಿ ರೂಢಿ ಇದ್ದವರು ಆನೆಗೊಂದಿ, ಸಾಣಾಪುರದ ಕಡೆ ನೀರು ಕಂಡೊಡನೆ ಅಂಗಿ ಬಿಚ್ಚುತ್ತಾರೆ. ಬೇಡ. ಸಲಾಲಾದಲ್ಲೂ ಖರೀಫ್ ತಿಂಗಳುಗಳಲ್ಲಿ, ಅಂದರೆ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಂಜು, ಜಿನುಗು ಮಳೆ ಇರುವಾಗ, ಕಡಲಿಗೆ ಇಳಿಯಬೇಡಿ ಎಂದು ಎಚ್ಚರಿಸುತ್ತಾರೆ. ಇಲ್ಲಿ ಆ ಎಚ್ಚರ ವರ್ಷವಿಡೀ ಬೇಕು. ಮೇಲೆ ಮುನಿರಾಬಾದ್ ಹತ್ತಿರ ಅಣೆಕಟ್ಟು ಇದೆ, ನೀರು ಬಿಟ್ಟರೆ ಹೊಳೆ ಗೊತ್ತಾಗದ ಹಾಗೆ ಏರುತ್ತದೆ. ಬಂಡೆಗಳ ನಡುವೆ ಸುಳಿ ಇರುತ್ತದೆ. ಮೊಸಳೆಯೂ ಇದೆ. ದಂಡೆಯಲ್ಲಿ ಕೂತು ನೋಡಿದರೆ ಸಾಕು, ಅದೃಷ್ಟ ಇದ್ದರೆ ನೀರುನಾಯಿಗಳ ಹಿಂಡು ಕಾಣುತ್ತದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ನಾನು ಹುಟ್ಟಿ ಬೆಳೆದ ಊರಿನ ಹೊಳೆಯಲ್ಲಿ ನೀರುನಾಯಿ ಇದೆ ಎಂದು ನನಗೆ ತಿಳಿದದ್ದು ಅರವತ್ತೆರಡನೇ ವಯಸ್ಸಿನಲ್ಲಿ.

ಅಂದ ಹಾಗೆ ಖರೀಫ್ ಎಂಬ ಮಾತು. ಅರಬ್ಬಿಯಲ್ಲಿ ಅದು ಶರತ್ಕಾಲ, ಸಲಾಲಾದವರಿಗೆ ಮಳೆಗಾಲ. ನಮ್ಮ ಕೃಷಿ ಇಲಾಖೆಯ ಫಲಕದಲ್ಲಿ ಮುಂಗಾರು ಬೆಳೆಗೆ ಬರೆಯುವ ಖಾರೀಫ್ ಕೂಡ ಅದೇ ಪದ. ಊರಿಗೆ ಬಂದು ಆ ಫಲಕ ಓದಿದ ದಿನ ನನಗೆ ಯಾರೋ ಹಳೇ ದೋಸ್ತು ಎದುರಾದ ಹಾಗಾಯಿತು.

ಹೆಜ್ಜೆ 3: ತಿಂಡಿ, ಕಾಯಿಪಲ್ಯ, ಅಕ್ಕಿ

ನಡಿಗೆ ಮುಗಿದ ಮೇಲೆ ಮಂಡಕ್ಕಿ ಒಗ್ಗರಣಿ, ಪಕ್ಕಕ್ಕೆ ಬಿಸಿ ಮಿರ್ಚಿ. ಇಪ್ಪತ್ತಾರು ವರ್ಷ ಕನಸು ಕಂಡದ್ದು ಇದನ್ನೇ, ಹಾಗಾಗಿ ಮೊದಲ ತಿಂಗಳು ದಿನಾ ತಿಂದೆ. ಮುಂದಿನ ರಕ್ತ ಪರೀಕ್ಷೆಯಲ್ಲಿ ಅದರ ಬಿಲ್ಲು ಬಂತು. ಈಗ ವಾರಕ್ಕೆ ಎರಡು ದಿನ, ಮಿರ್ಚಿ ಒಂದೇ. ಉಳಿದ ದಿನ ರಾತ್ರಿಯ ಜೋಳದ ರೊಟ್ಟಿ ಮುರಿದು ಮೊಸರು, ಶೇಂಗಾ ಚಟ್ನಿ ಜೊತೆ. ಮನೆಯಲ್ಲಿ ರೊಟ್ಟಿ ಬಡಿಯುವವರು ಇಲ್ಲದಿದ್ದರೆ ಚಿಂತೆ ಬೇಡ, ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಎಲ್ಲ ಓಣಿಯಲ್ಲೂ ಸಿಗುತ್ತಾರೆ. ಖಡಕ್ ರೊಟ್ಟಿ ತಂದಿಟ್ಟುಕೊಂಡರೆ ತಿಂಗಳು ಕೆಡುವುದಿಲ್ಲ. ಆದರೆ ಹಲ್ಲು ಕಟ್ಟಿಸಿಕೊಂಡವರು ಪಲ್ಯದ ರಸದಲ್ಲಿ ನೆನೆಸಿಯೇ ತಿನ್ನಿ, ಅನುಭವದ ಮಾತು.

ಕಾಯಿಪಲ್ಯಕ್ಕೆ ಎಂಟರೊಳಗೆ ಹೋಗಿಬನ್ನಿ. ಹತ್ತರ ಮೇಲೆ ಸೊಪ್ಪು ಬಾಡಿರುತ್ತದೆ, ನೀವೂ ಬಾಡಿರುತ್ತೀರಿ.

ಅಕ್ಕಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗಂಗಾವತಿಯನ್ನು ಭತ್ತದ ಕಣಜ ಅನ್ನುತ್ತಾರೆ, ತುಂಗಭದ್ರಾ ಎಡದಂಡೆ ಕಾಲುವೆ ಮಾಡಿದ ಪವಾಡ ಅದು. ಸೋನಾ ಮಸೂರಿ ಚೀಲವನ್ನು ಮಿಲ್ಲಿನಿಂದಲೇ ತರಬಹುದು. ಆದರೆ ಕೊಯ್ಲಾದ ಹೊಸ ಅಕ್ಕಿ ಬೇಯಿಸಿದರೆ ಅನ್ನ ಮುದ್ದೆಯಾಗುತ್ತದೆ. "ಹಳೇ ಅಕ್ಕಿ ಕೊಡ್ರಿ" ಎಂದು ಬಾಯಿಬಿಟ್ಟು ಕೇಳಿ, ಕನಿಷ್ಠ ಆರು ತಿಂಗಳು ಹಳತಾದದ್ದು. ಅಂಗೈಯಲ್ಲಿ ಹಿಡಿದು ನೋಡಿ, ಹಳೆಯದು ಸ್ವಲ್ಪ ಹಳದಿ ಛಾಯೆಯಲ್ಲಿರುತ್ತದೆ, ಅನ್ನ ಉದುರುದುರಾಗುತ್ತದೆ. ಇಬ್ಬರೇ ಇರುವ ಮನೆಗೆ ಇಪ್ಪತ್ತೈದು ಕಿಲೋ ಚೀಲ ತಂದು ನುಸಿ ಹಿಡಿಸಬೇಡಿ. ನಾವು ಪಕ್ಕದ ಮನೆಯವರ ಜೊತೆ ಅರ್ಧ ಅರ್ಧ ಮಾಡಿಕೊಳ್ಳುತ್ತೇವೆ.

ಹೆಜ್ಜೆ 4: ಕಾಗದಪತ್ರದ ಕೆಲಸ, ಹತ್ತರಿಂದ ಹನ್ನೆರಡು ಮಾತ್ರ

ಒಂದು ದಿನಕ್ಕೆ ಒಂದೇ ಕಚೇರಿ. ಎರಡನೆಯದನ್ನು ನಾಳೆಗೆ ಬಿಡಿ. ಹನ್ನೆರಡಕ್ಕೆ ಸಾಲಿನಲ್ಲಿ ಎಷ್ಟನೆಯವರಿದ್ದರೂ ಎದ್ದು ಬನ್ನಿ.

ವಿದೇಶದಿಂದ ಬಂದವರು ಮೊದಲು ಮಾಡಬೇಕಾದದ್ದು ಬ್ಯಾಂಕಿಗೆ ತಿಳಿಸುವುದು. ಖಾಯಂ ಆಗಿ ಇರಲು ಬಂದ ಮೇಲೆ, ಹೊರದೇಶದಲ್ಲಿ ನೆಲೆಸಿದ ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಇ (ಹೊರಗಿನ ಗಳಿಕೆ ಇಡುವುದು), ಎನ್‌ಆರ್‌ಒ (ಇಲ್ಲಿನ ಆದಾಯ ಇಡುವುದು) ಖಾತೆಗಳನ್ನು ಹಾಗೇ ಓಡಿಸುವಂತಿಲ್ಲ. ಅವನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು. ವಿದೇಶಿ ಹಣವನ್ನು ಅದೇ ನಾಣ್ಯದಲ್ಲಿ ಇಟ್ಟುಕೊಳ್ಳಬೇಕು ಅನ್ನುವವರಿಗೆ ಆರ್‌ಎಫ್‌ಸಿ ಎಂಬ ಖಾತೆ ಇದೆ. ಅನಿವಾಸಿಯಾಗಿದ್ದಾಗ ವಿದೇಶಿ ನಾಣ್ಯದಲ್ಲಿ ಇಟ್ಟ ಎಫ್‌ಸಿಎನ್‌ಆರ್ ಠೇವಣಿ ಇದ್ದರೆ ಅದರ ಅವಧಿ ಮುಗಿಯುವ ತನಕ ಅದೇ ಬಡ್ಡಿಯಲ್ಲಿ ಮುಂದುವರಿಸಬಹುದು. ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲ ಎಂಬ ನೆಮ್ಮದಿ ನೀವು ಅನಿವಾಸಿ ಆಗಿರುವವರೆಗೆ ಮಾತ್ರ. ನಾನು ಇದನ್ನು ಒಂದು ವರ್ಷ ತಡವಾಗಿ ಮಾಡಿದೆ, ಆಮೇಲೆ ಲೆಕ್ಕ ಸರಿಪಡಿಸುವುದರಲ್ಲಿ ಮೂರು ತಿಂಗಳ ಬೆಳಗು ಹೋಯಿತು. ಶಾಖೆಯಲ್ಲಿ ಕೇಳಿದರೆ "ಹಂಗ ಇರ್ಲಿ ಬಿಡ್ರಿ ಸರ, ಏನಾಗಂಗಿಲ್ಲ" ಅಂದಿದ್ದರು. ಬಾಯಿಮಾತು ನಂಬಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಇದರ ಜೊತೆಗೇ ಒಬ್ಬ ಒಳ್ಳೆಯ ಲೆಕ್ಕಪರಿಶೋಧಕರನ್ನು ಹಿಡಿದು, ತೆರಿಗೆ ಕಾನೂನಿನಲ್ಲಿ ನೀವು ಯಾರು ಎಂದು ಕೇಳಿ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿ ಆಗಿದ್ದವರು, ಅಥವಾ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನಕ್ಕಿಂತ ಹೆಚ್ಚು ಭಾರತದಲ್ಲಿ ಇರದವರು, ಬಂದ ಮೇಲೂ ಒಂದೆರಡು ವರ್ಷ ಸಾಮಾನ್ಯ ನಿವಾಸಿ ಅಲ್ಲದ ನಿವಾಸಿ ಎಂದು ಗಣನೆಗೆ ಬರುತ್ತಾರೆ. ಆ ಅವಧಿಯಲ್ಲಿ ಹೊರದೇಶದಲ್ಲಿ ಬರುವ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಬೀಳುವುದಿಲ್ಲ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಅನಿವಾಸಿಗಳಿಗೆ ಸಿಗುವುದಿಲ್ಲ. ನಿವಾಸಿ ಆದ ಮೇಲೆ, 60 ತುಂಬಿದ್ದರೆ, 30 ಲಕ್ಷದವರೆಗೆ ಇಡಬಹುದು. ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ, ಅದೇ ನಮ್ಮ ಮನೆಯ ಪಗಾರ ಈಗ. ಪಿಂಚಣಿ ಇರುವವರು ನವೆಂಬರ್‌ನ ಜೀವನ ಪ್ರಮಾಣಪತ್ರಕ್ಕೆ ಈಗ ಕಚೇರಿ ಸುತ್ತಬೇಕಿಲ್ಲ, ಮೊಬೈಲಿನಲ್ಲಿ ಮುಖ ತೋರಿಸಿಯೇ ಮುಗಿಸಬಹುದು.

ಇನ್ನು ಅಪ್ಪನ ಹೊಲ. ಊರು ಬಿಟ್ಟವರಲ್ಲಿ ಬಹಳ ಮಂದಿಯ ಪಹಣಿ ಇನ್ನೂ ತೀರಿಹೋದ ಅಪ್ಪನ, ಅಜ್ಜನ ಹೆಸರಲ್ಲೇ ಇರುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್ ಇಟ್ಟುಕೊಂಡು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಹಾಕಿ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಅಕ್ಕ-ತಂಗಿಯರ ಹೆಸರು ಬಿಡಬೇಡಿ. "ಅವರು ಕೇಳಂಗಿಲ್ಲ ಬಿಡೋ" ಎಂದು ಹೇಳುವ ಹಿರಿಯರು ಇದ್ದೇ ಇರುತ್ತಾರೆ, ಆದರೆ ಹೆಣ್ಣುಮಕ್ಕಳಿಗೂ ಸಮಪಾಲಿದೆ, ಹೆಸರು ಬಿಟ್ಟ ಖಾತೆ ನಾಳೆ ಕೋರ್ಟಿಗೆ ಹೋಗುತ್ತದೆ. ಹೊಸದಾಗಿ ಹೊಲ ಕೊಳ್ಳುವ ಆಸೆ ಇದ್ದರೆ, ಋಣಭಾರ ಪತ್ರ ತೆಗೆಸಿ ನೋಡುವುದರ ಜೊತೆಗೆ ಆ ಹೊಲ ಕಾಲುವೆಯ ತಲೆಯಲ್ಲಿದೆಯೋ ಕೊನೆಯಂಚಿನಲ್ಲಿದೆಯೋ ನೋಡಿ. ಕಾಗದದಲ್ಲಿ ನೀರಾವರಿ ಎಂದಿರುವ ಕೊನೆಯಂಚಿನ ಹೊಲಕ್ಕೆ ನೀರು ಬರುವುದು ದೇವರ ದಯೆಯಿಂದ.

ಬಸ್ಸಿನಲ್ಲಿ 60 ದಾಟಿದವರಿಗೆ ಶೇಕಡಾ 25 ರಿಯಾಯಿತಿ ಇದೆ, ಆಧಾರ್ ತೋರಿಸಿದರೆ ಆಯಿತು. ನಮ್ಮ ಮನೆಯವರಿಗೆ 2023ರಿಂದ ಟಿಕೆಟ್ಟೇ ಇಲ್ಲ, ಹೀಗಾಗಿ ಕಚೇರಿ ಕೆಲಸಕ್ಕೆ ಕೊಪ್ಪಳಕ್ಕೆ ಹೋಗುವುದು ಅವರೇ.

ಹೆಜ್ಜೆ 5: ಹನ್ನೆರಡೂವರೆಗೆ ಬಾಗಿಲು ಹಾಕಿ

ಸಲಾಲಾದಲ್ಲಿ ಮಧ್ಯಾಹ್ನ ಒಂದಕ್ಕೆ ಅಂಗಡಿಗಳು ಮುಚ್ಚಿದರೆ ಮತ್ತೆ ನಾಲ್ಕಕ್ಕೇ ತೆರೆಯುತ್ತಿದ್ದವು. ಬೇಸಿಗೆಯಲ್ಲಿ ನಡು ಮಧ್ಯಾಹ್ನ ಬಯಲಲ್ಲಿ ಕೆಲಸ ಮಾಡಿಸಬಾರದು ಎಂದು ಆ ದೇಶದಲ್ಲಿ ಕಾನೂನೇ ಇದೆ. ನಮ್ಮಲ್ಲಿ ಕಾನೂನು ಇಲ್ಲ, ನಾವೇ ಮಾಡಿಕೊಳ್ಳಬೇಕು. ಮಾರ್ಚ್‌ನಿಂದ ಜೂನ್ ಮೊದಲ ಮಳೆಯವರೆಗೆ ಹನ್ನೆರಡೂವರೆಯಿಂದ ನಾಲ್ಕೂವರೆವರೆಗೆ ನಾನು ಯಾರ ಮನೆಗೂ ಹೋಗುವುದಿಲ್ಲ, ಮದುವೆ ಊಟಕ್ಕೂ ಹೋಗುವುದಿಲ್ಲ. ಅಕ್ಷತೆಗೆ ಬೆಳಿಗ್ಗೆ ಹೋಗಿ ಮುಯ್ಯಿ ಬರೆಸಿ ಬರುತ್ತೇನೆ. ಮೊದಲ ವರ್ಷ ಬೀಗರು ಮುನಿಸಿಕೊಂಡರು, ಎರಡನೇ ವರ್ಷ ಒಗ್ಗಿಕೊಂಡರು.

ಊಟ ಹಗುರ ಇರಲಿ: ಅನ್ನ, ತಿಳಿಸಾರು, ಉಪ್ಪು ಹಾಕಿದ ಮಜ್ಜಿಗೆ. ಬಾಯಾರಿದಾಗ ನೀರು ಕುಡಿಯುತ್ತೇನೆ ಅನ್ನಬೇಡಿ, ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. ಎದುರಿಗೆ ತಂಬಿಗೆ ಇಟ್ಟುಕೊಂಡು ಗಂಟೆಗೊಮ್ಮೆ ಕುಡಿಯಿರಿ. ಕಿಡ್ನಿ, ಹೃದಯದ ಕಾಯಿಲೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ಡಾಕ್ಟರ್ ಹೇಳಿದ ಅಳತೆಯನ್ನೇ ಪಾಲಿಸಬೇಕು. ಬಿಪಿ ಗುಳಿಗೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸುವಂಥವು. ಬೇಸಿಗೆ ಶುರುವಾಗುವ ಮುನ್ನ ಚೀಟಿ ಒಯ್ದು ಪ್ರಮಾಣ ಬದಲಿಸಬೇಕೇ ಎಂದು ಕೇಳಿ, ನೀವೇ ಬಿಡಬೇಡಿ. ಇನ್ಸುಲಿನ್ ಫ್ರಿಜ್ಜಿನ ಬಾಗಿಲ ಕಪಾಟಿನಲ್ಲಿರಲಿ, ಫ್ರೀಜರಿನಲ್ಲಿ ಬೇಡ, ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತದೆ. ಕರೆಂಟು ಬಹಳ ಹೊತ್ತು ಹೋದರೆ ಸೀಸೆಯನ್ನು ನೀರು ತಾಗದ ಡಬ್ಬಿಯಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯೊಳಗೆ ಇಡಿ.

ಮನೆಯಲ್ಲಿ ಯಾರಾದರೂ ಬಿಸಿಲಿಂದ ಬಂದು ತಡವರಿಸಿ ಮಾತಾಡಿದರೆ, ಮೈ ಕೆಂಡದ ಹಾಗೆ ಸುಡುತ್ತಿದ್ದರೆ, ಅದು ಬರೀ ಸುಸ್ತಲ್ಲ. ತಕ್ಷಣ 108ಕ್ಕೆ ಫೋನ್ ಮಾಡಿ. ಬರುವವರೆಗೆ ನೆರಳಲ್ಲಿ ಮಲಗಿಸಿ ಬಟ್ಟೆ ಸಡಿಲಿಸಿ, ಮೈಗೆ ನೀರು ಹಚ್ಚುತ್ತ ಗಾಳಿ ಬೀಸಿ. ಕುತ್ತಿಗೆ, ಕಂಕುಳಿಗೆ ತಣ್ಣೀರ ಬಟ್ಟೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ನಿದ್ದೆ ಮುಕ್ಕಾಲು ಗಂಟೆ, ಹೆಚ್ಚಿಲ್ಲ. ಮೊದಲ ಬೇಸಿಗೆಯಲ್ಲಿ ಮೂರು ತಾಸು ಮಲಗಿ ರಾತ್ರಿ ಎರಡರವರೆಗೆ ಮಾಳಿಗೆಯ ಮೇಲೆ ದೆವ್ವದ ಹಾಗೆ ಓಡಾಡಿದ್ದೇನೆ. ಎದ್ದ ಮೇಲೆ ಉಳಿಯುವ ಎರಡು ತಾಸು ಇದೆಯಲ್ಲ, ಈ ಲೇಖನದಲ್ಲಿ ಕಷ್ಟದ ಜಾಗ ಅದೇ. ನೌಕರಿಯಲ್ಲಿದ್ದಾಗ ಆ ಹೊತ್ತಿಗೆ ಯಾರೋ ನಮಗಾಗಿ ಕಾಯುತ್ತಿದ್ದರು. ಇಲ್ಲಿ ಪರದೆ ಎಳೆದ ಕತ್ತಲೆ ಕೋಣೆ, ಕೂಲರಿನ ಸದ್ದು. ಕಡಲ ದಂಡೆಯ ಮುದುಕರಿಗೆ ಅಲೆಯಾದರೂ ಇರುತ್ತದೆ ನೋಡಲು. ಟಿವಿ ಹಚ್ಚಿದರೆ ಸಂಜೆಯ ಹೊತ್ತಿಗೆ ತಲೆ ಚಿಟ್ಟು ಹಿಡಿಯುತ್ತದೆ. ನನಗೆ ದಾರಿಯಾದದ್ದು ಕೈಕೆಲಸ. ಮೂರಕ್ಕೆ ಶೇಂಗಾ ಸುಲಿಯುವುದು, ಮನೆಯ ಖರ್ಚು ಬರೆಯುವುದು, ಓಣಿಯ ಮೂರು ಮಂದಿಯ ಅರ್ಜಿ ಬರೆದುಕೊಡುವುದು. ನಿಮಗೆ ಹೊಲಿಗೆಯೋ ಗಡಿಯಾರ ರಿಪೇರಿಯೋ ಆದೀತು. ಆ ಕೆಲಸ ಆಗದಿದ್ದರೆ ಸಂಜೆ ಯಾರಾದರೂ ಬಂದು "ಆತೇನ್ರಿ?" ಎಂದು ಕೇಳುವಂತಿರಬೇಕು. ನಿಮಗೊಬ್ಬರಿಗೇ ಬೇಕಾದ ಹವ್ಯಾಸ ಮೇ ತಿಂಗಳ ಮಧ್ಯಾಹ್ನದಲ್ಲಿ ನಾಲ್ಕು ದಿನ ಬಾಳುವುದಿಲ್ಲ.

ಹೆಜ್ಜೆ 6: ಸಂಜೆ ಕಟ್ಟೆಗೆ ಹೋಗಿ, ಆದರೆ ಉತ್ತರ ಸಿದ್ಧವಿರಲಿ

ಐದೂವರೆಗೆ ಮುಖ ತೊಳೆದು ಕಟ್ಟೆಗೆ ಹೋಗಿ. ಮೊದಲ ವಾರ ಕೇಳುವ ಪ್ರಶ್ನೆ ಎರಡೇ: "ಪಗಾರ ಎಷ್ಟಿತ್ತು?" ಮತ್ತು "ಎಷ್ಟು ಗಂಟು ಕಟ್ಕೊಂಡು ಬಂದೀರಿ?" ಮುನಿಸಿಕೊಳ್ಳಬೇಡಿ, ಇಲ್ಲಿ ಅದು ಕುಶಲಪ್ರಶ್ನೆ. ನಾನು "ಮಕ್ಕಳ ಓದು, ತಂಗಿಯ ಮದುವಿ, ಉಳದದ್ದು ನಮ್ಮಿಬ್ಬರ ಗುಳಿಗಿಗೆ" ಅನ್ನುತ್ತೇನೆ. ಸುಳ್ಳೂ ಅಲ್ಲ.

ಮೂರನೇ ವಾರದಿಂದ ಸಾಲ ಕೇಳುವವರು ಬರುತ್ತಾರೆ. ಇದಕ್ಕೆ ನಾವಿಬ್ಬರೂ ಕೂತು ಒಂದು ಕಟ್ಟಳೆ ಮಾಡಿಕೊಂಡೆವು. ವರ್ಷಕ್ಕೆ ಇಷ್ಟು ಎಂದು ಒಂದು ಮೊತ್ತ ತೆಗೆದಿಟ್ಟಿದ್ದೇವೆ, ದವಾಖಾನೆ ಮತ್ತು ಮಕ್ಕಳ ಫೀಸಿಗೆ ಮಾತ್ರ. ಅದನ್ನು ಸಾಲ ಎಂದು ಕೊಡುವುದಿಲ್ಲ, ಕೊಟ್ಟು ಮರೆಯುತ್ತೇವೆ. ಮುಗಿದರೆ ಮುಗಿಯಿತು. ಟ್ರ್ಯಾಕ್ಟರಿಗೆ, ಸೈಟಿಗೆ, ಚೀಟಿಗೆ ಕೇಳಿದವರಿಗೆ "ಮನಿಯಾಕಿನ್ನ ಕೇಳಬೇಕ್ರೀ" ಅನ್ನುತ್ತೇನೆ. ನಮ್ಮ ಮನೆಯವರು ಇಲ್ಲ ಅನ್ನುವುದರಲ್ಲಿ ನನಗಿಂತ ನಿಪುಣರು. ಜಾಮೀನಿಗೆ ಮಾತ್ರ ಅಣ್ಣತಮ್ಮಂದಿರಿಗೂ ಸಹಿ ಹಾಕಬೇಡಿ.

ಕಟ್ಟೆಯಲ್ಲಿ ನಿಮ್ಮ ಬೆಲೆ ಏರುವುದು ಕೇಳುವುದರಿಂದ. "ನಮ್ಮ ಸಲಾಲಾದಾಗ ಹಿಂಗಿತ್ತು" ಎಂದು ಶುರು ಮಾಡಿದರೆ ಎರಡನೇ ಸಲಕ್ಕೆ ಜನ ಎದ್ದು ಹೋಗುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಕೊಂಡು ಹೋದಾಗ, ಒಂದು ವಾರ ಕಟ್ಟೆಯಲ್ಲಿ ಬೇರೆ ಮಾತೇ ಇರಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದರು ಎಂಬ ಸುದ್ದಿ ಬಂದ ದಿನ, ಎಂದೂ ಚಾ ಕೊಡಿಸದ ಜಿಪುಣನೊಬ್ಬ ಎಲ್ಲರಿಗೂ ಚಾ ಕೊಡಿಸಿದ. ನೀರು ಉಳಿಯಿತು ಅಂದರೆ ಬೆಳೆ ಉಳಿಯಿತು ಎಂಬುದು ಅವತ್ತು ನನಗೆ ಹೊಟ್ಟೆಯೊಳಗೆ ಇಳಿಯಿತು. ಅಲ್ಲಿಯವರೆಗೆ ನಾನು ಊರಿಗೆ ಬಂದಿದ್ದೆನೇ ಹೊರತು ಊರಿನವನಾಗಿರಲಿಲ್ಲ.

ವಾರದಲ್ಲಿ ಎರಡು ಸಂಜೆ ಯಾವುದಾದರೂ ಕೆಲಸಕ್ಕೆ ಕೊಡಿ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅನ್ನುತ್ತಾರೆ. ಅಲ್ಲಿಗೆ ಬರುವ ಮಕ್ಕಳಿಗೆ ಲೆಕ್ಕ, ಇಂಗ್ಲಿಷ್ ಹೇಳಿಕೊಡುವವರು ಬೇಕಾಗಿದ್ದಾರೆ. ಹೋಗುವುದಾದರೆ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ತಪ್ಪದೆ ಹೋಗಿ.

ಹೆಜ್ಜೆ 7: ವಾರಕ್ಕೊಮ್ಮೆ ಊರಾಚೆ

ತಂಪು ತಿಂಗಳಲ್ಲಿ ಮಾತ್ರ ದೂರದ ತಿರುಗಾಟ. ಕುಕನೂರು ದಾಟಿ ಇಟಗಿಗೆ ಹೋದರೆ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ ಇದೆ, ಅಲ್ಲಿನ ಶಾಸನವೇ ಅದನ್ನು ದೇವಾಲಯಗಳ ಚಕ್ರವರ್ತಿ ಅನ್ನುತ್ತದೆ. ಕೊಪ್ಪಳದ ಗವಿಮಠದ ಗುಡ್ಡದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಜನವರಿಯ ಗವಿಮಠದ ಜಾತ್ರೆಗೆ ತೇರಿನ ದಿನ ಹೋಗುವ ಹುರುಪು ಬೇಡ, ಆ ಜನಸಾಗರದಲ್ಲಿ ನಮ್ಮ ವಯಸ್ಸಿನವರು ನಿಲ್ಲಲಾಗದು. ಎರಡು ದಿನ ಬಿಟ್ಟು ಹೋಗಿ ನೆಮ್ಮದಿಯಿಂದ ದಾಸೋಹದ ಪ್ರಸಾದ ಉಣ್ಣಿ. ಮೊಮ್ಮಕ್ಕಳಿಗೆ ಗೊಂಬೆ ಬೇಕಾದರೆ ಕಿನ್ನಾಳದಲ್ಲಿ ಚಿತ್ರಗಾರರ ಮನೆಯಿಂದಲೇ ತನ್ನಿ. ಉಳಿದ ವಾರಗಳಿಗೆ ಆನೆಗೊಂದಿ ಸಾಕು. ನಾಲ್ಕೂವರೆ ಬಸ್ಸಿಗೆ ಹೋಗಿ ಒಂದು ಗೊನೆಯ ಅರ್ಧ ಬಾಳೆಹಣ್ಣು ತಂದರೆ ವಾರದ ತಿರುಗಾಟ ಮುಗಿಯಿತು.

ಹೆಜ್ಜೆ 8: ದವಾಖಾನೆಯ ದಾರಿ ಮತ್ತು ರಾತ್ರಿ

ಗಟ್ಟಿಮುಟ್ಟಾಗಿರುವಾಗಲೇ ಊರಲ್ಲೊಬ್ಬ ಡಾಕ್ಟರನ್ನು ಗೊತ್ತು ಮಾಡಿಕೊಂಡು ಹಳೆಯ ಚೀಟಿಗಳನ್ನೆಲ್ಲ ತೋರಿಸಿ ಬನ್ನಿ. ವಿದೇಶದ ಗುಳಿಗೆಯ ಹೆಸರು ಇಲ್ಲಿ ಬೇರೆ ಇರುತ್ತದೆ, ಒಳಗಿನ ಔಷಧದ ಹೆಸರು ಬರೆದುಕೊಂಡು ಹೋಗಬೇಕು. ದೊಡ್ಡ ಕಾಯಿಲೆಗೆ ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಬಳ್ಳಾರಿ, ರಾಯಚೂರಿನಲ್ಲೂ ಇದೆ. ಬಳ್ಳಾರಿಗೆ ಕಂಪ್ಲಿಯ ಮೇಲೆ ಹೋಗುವುದು ಹತ್ತಿರದ ದಾರಿ. ಆದರೆ ಜಲಾಶಯದಿಂದ ಲಕ್ಷದ ಮೇಲೆ ಕ್ಯೂಸೆಕ್ ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗಿ ದಾರಿ ಬಂದ್ ಆಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಪೇಪರಿನಲ್ಲಿ ಬರುವ ಹೊರಹರಿವಿನ ಅಂಕಿ ನೋಡುವ ರೂಢಿ ಮಾಡಿಕೊಳ್ಳಿ. ಸೇತುವೆ ಬಂದ್ ಇದ್ದರೆ ಮುನಿರಾಬಾದ್, ಹೊಸಪೇಟೆ ಮೇಲೆ ಹೋಗಬೇಕೆಂದು ಮನೆಯವರಿಗೂ ಡ್ರೈವರಿಗೂ ಮೊದಲೇ ಗೊತ್ತಿರಲಿ. ಒಂಟಿಯಾಗಿರುವವರು 14567 ಎಂಬ ಹಿರಿಯರ ಸಹಾಯವಾಣಿಯನ್ನು ಫೋನಿನಲ್ಲಿ ಹಾಕಿಕೊಳ್ಳಿ.

ರಾತ್ರಿ ಊಟ ಏಳೂವರೆಗೆ. ಬೇಸಿಗೆಯಲ್ಲಿ ಹೊತ್ತು ಮುಳುಗಿದ ಮೇಲೆ ಮಾಳಿಗೆಗೆ ನಾಲ್ಕು ಬಕೆಟ್ ನೀರು ಚೆಲ್ಲಿ, ಒಂದು ತಾಸು ಬಿಟ್ಟು ಮಂಚ ಹಾಕಿ. ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಸೊಳ್ಳೆಪರದೆ ಇಲ್ಲದೆ ಮಲಗುವ ಹಾಗಿಲ್ಲ. ಒಂಬತ್ತೂವರೆಗೆ ನಾನು ಸಲಾಲಾದ ಹಳೇ ಜೊತೆಗಾರರಿಗೆ ಫೋನ್ ಮಾಡುತ್ತೇನೆ, ಅಲ್ಲಿ ಆಗ ಎಂಟು ಗಂಟೆ, ಅವರು ಕೆಲಸ ಮುಗಿಸಿ ಬಂದಿರುತ್ತಾರೆ. ಖರೀಫ್ ಶುರುವಾಯಿತೇ ಎಂದು ನಾನು ಕೇಳುತ್ತೇನೆ, ಹೊಳೆಗೆ ನೀರು ಬಂತೇ ಎಂದು ಅವರು ಕೇಳುತ್ತಾರೆ.

ಮಲಗುವ ಮುನ್ನ ಇನ್ನೊಂದು ಫೋನ್ ಇದೆ. ನಮ್ಮ ಓಣಿಗೆ ನಲ್ಲಿ ನೀರು ಬಿಡುವ ಹುಡುಗನ ನಂಬರ್ ಸಂಪಾದಿಸಲು ನನಗೆ ಎಂಟು ತಿಂಗಳು ಹಿಡಿಯಿತು, ನೀವು ಬಂದ ವಾರದಲ್ಲೇ ಸಂಪಾದಿಸಿಕೊಳ್ಳಿ. "ತಮ್ಮಾ, ನಾಳೆ ನೀರು ಬಿಡ್ತೀಯೇನಪ್ಪಾ?" ಎಂದು ಕೇಳಿದರೆ ಹೊತ್ತು ಹೇಳುತ್ತಾನೆ. ನಾಲ್ಕಕ್ಕೆ ಅಂದರೆ ಅಲಾರಾಂ ಐದರಿಂದ ನಾಲ್ಕಕ್ಕೆ ತಿರುಗಿಸಿ, ಸಂಪಿನ ಮುಚ್ಚಳ ಸರಿಸಿಟ್ಟು, ಪೈಪು ಜೋಡಿಸಿ ಮಲಗಿ.